ಪರದೆ ತುಂಬ ಪೊಲೀಸ್ ಲಾಂಛನ

ಪ್ರಶ್ನೆ: ಸರ್, ರಾತ್ರಿ ಲ್ಯಾಪ್‌ಟಾಪಿನಲ್ಲಿ ವಯಸ್ಕರ ಜಾಲತಾಣ ನೋಡುತ್ತಿದ್ದೆ. ಒಮ್ಮೆಲೇ ಪರದೆ ತುಂಬ ಪೊಲೀಸ್ ಲಾಂಛನ ಬಂತು. 29,000 ರೂಪಾಯಿ ದಂಡ ಕಟ್ಟದಿದ್ದರೆ ಬಂಧನವಂತೆ. ಬ್ರೌಸರಿನ ಖಾಸಗಿ ಕಿಟಕಿ ಇನ್‌ಕಾಗ್ನಿಟೋದಲ್ಲಿದ್ದೆ, ಆದರೂ ಹೇಗೆ ಗೊತ್ತಾಯಿತು?
– ಹೆಸರು ಬೇಡ, ಕುಂಬಳೆ

ಉತ್ತರ: ಮೊದಲು ಧೈರ್ಯ ತಂದುಕೊಳ್ಳಿ. ಅದು ಪರದೆ ತುಂಬುವಂತೆ ಹಿಗ್ಗಿಸಿದ ಒಂದು ವೆಬ್‌ಪುಟ, ಪೊಲೀಸರಲ್ಲ. ಪೊಲೀಸರು ಬ್ರೌಸರಿನಲ್ಲಿ ಕಾರ್ಡ್ ಸಂಖ್ಯೆ ಕೇಳಿ ದಂಡ ವಸೂಲು ಮಾಡುವುದಿಲ್ಲ. ಕಳೆದ ಮಳೆಗಾಲದಲ್ಲಿ ಬದಿಯಡ್ಕದ ನನ್ನ ರಿಪೇರಿ ಅಂಗಡಿಗೆ ಅಡಿಕೆ ವ್ಯಾಪಾರಿಯೊಬ್ಬರು ಇಂಥದೇ ಲ್ಯಾಪ್‌ಟಾಪನ್ನು ಬೈರಾಸಿನಲ್ಲಿ ಸುತ್ತಿ ತಂದಿದ್ದರು. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದೆ. ಪುಟ ಕುಗ್ಗಿತು, ಮೇಲೆ ಅದರ ನಿಜವಾದ ವಿಳಾಸ ಕಾಣಿಸಿತು. ಅರ್ಥವಿಲ್ಲದ ಅಕ್ಷರಗಳ ಸಾಲು. ಅವರು ಅಲ್ಲೇ ಕುಳಿತು ಅತ್ತರು. ಮನುಷ್ಯನ ನಾಚಿಕೆಯನ್ನು ಹೀಗೆ ಹಿಂಡುವವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಇನ್‌ಕಾಗ್ನಿಟೋ ನಿಮ್ಮ ಲ್ಯಾಪ್‌ಟಾಪಿನಲ್ಲಿ ನೋಡಿದ್ದರ ಪಟ್ಟಿ ಉಳಿಸುವುದಿಲ್ಲ, ಅಷ್ಟೇ. ಇಂಟರ್ನೆಟ್ ಕೊಡುವ ಕಂಪನಿಗೆ, ಕಚೇರಿಯ ವೈಫೈ ನೋಡಿಕೊಳ್ಳುವವರಿಗೆ ತಾಣದ ಹೆಸರು ಕಾಣಬಹುದು. ಅಂಥ ತಾಣಗಳು ನೋಟಿಫಿಕೇಶನ್‌ಗೆ ಅನುಮತಿ ಕೇಳಿದರೆ ಕೊಡಬೇಡಿ, ಆ್ಯಪ್ ಇಳಿಸಿಕೊಳ್ಳಬೇಡಿ. ಕಾರ್ಡ್ ವಿವರ ತುಂಬಿದ್ದೀರಾದರೆ ಈಗಲೇ ಬ್ಯಾಂಕಿಗೆ ಹೇಳಿ ಬ್ಲಾಕ್ ಮಾಡಿಸಿ. ಹಣ ಹೋಗಿದ್ದರೆ ಬೆಳಗಾಗುವವರೆಗೆ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.