ಅಪ್ಪನ ಪಾದದ ಉರಿಗೆ ಪ್ರಿಗ್ಯಾಬಲಿನ್ ಬರೆದಿದ್ದಾರೆ, ಕೊಡಬಹುದಾ?

ಶುಗರ್ ಇರುವ ನಿಮ್ಮ ತಂದೆಗೆ ಪಾದದ ಉರಿಗೆ ಪ್ರಿಗ್ಯಾಬಲಿನ್ 75 ಬರೆದಿದ್ದಾರೆ, ಇದು ನಿದ್ದೆ ಮಾತ್ರೆಯಾ, ಚಟ ಹಿಡಿಯುತ್ತಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಸರ್ಪಸುತ್ತಿನ ಗುಳ್ಳೆ ಒಣಗಿದ ಮೇಲೂ ಪಕ್ಕೆ ಉರಿ ಹೋಗದೆ, ಬನಿಯನ್ ತಾಗಿದರೂ ಜೀವ ಹೋದಂತಾಗುತ್ತಿದ್ದಾಗ ಎಂಟು ತಿಂಗಳು ಇದನ್ನೇ ನುಂಗಿದವನು.

ನಿದ್ದೆ ಮಾತ್ರೆ ಅಲ್ಲ, ನಿದ್ದೆ ಬರುವುದು ನಿಜ. ಇದರ ಅಣ್ಣ ಗ್ಯಾಬಪೆಂಟಿನ್ 1993ರಲ್ಲಿ ಅಮೆರಿಕದಲ್ಲಿ ಫಿಟ್ಸ್ ಔಷಧಿಯಾಗಿ ಬಂತು. ಎರಡೂ ನರದ ತುದಿಯಲ್ಲಿ ಕ್ಯಾಲ್ಸಿಯಂ ನುಗ್ಗುವುದನ್ನು ಕಮ್ಮಿ ಮಾಡುತ್ತವೆ, ಸುಮ್ಸುಮ್ನೆ ಕೂಗಾಡುವ ನರ ಸ್ವಲ್ಪ ತಣ್ಣಗಾಗುತ್ತದೆ. ಹಾಗಾಗಿ ಉರಿ, ಚುಚ್ಚು, ಜೋಮಿಗೆ ಸರಿ, ಮಂಡಿ ಸವೆತಕ್ಕಲ್ಲ. ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು, ಸಯಾಟಿಕಾಗೂ ಧಾರಾಳವಾಗಿ ಬರೆಯುತ್ತಾರೆ, ಆದರೆ 2017ರಲ್ಲಿ ಆಸ್ಟ್ರೇಲಿಯಾದವರು ಪರೀಕ್ಷೆ ಮಾಡಿ ನೋಡಿದಾಗ ಪ್ರಿಗ್ಯಾಬಲಿನ್ ತಗೊಂಡವರಿಗೂ ಔಷಧಿಯಿಲ್ಲದ ಬರೀ ಮಾತ್ರೆ ತಗೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. ಶುಗರ್ ಉರಿಗೂ ಎಲ್ಲರಿಗೂ ಹಿಡಿಯುವುದಿಲ್ಲ. ಗ್ಯಾಬಪೆಂಟಿನ್ ತಗೊಂಡ ಹತ್ತರಲ್ಲಿ ಸುಮಾರು ನಾಲ್ವರಿಗೆ ನೋವು ಅರ್ಧಕ್ಕಿಳಿದರೆ, ಬರೀ ಮಾತ್ರೆಯಲ್ಲೂ ಇಬ್ಬರಿಗೆ ಇಳಿಯುತ್ತದೆ. ಒಂದೆರಡು ತಿಂಗಳಲ್ಲಿ ಏನೂ ಅನ್ನಿಸದಿದ್ದರೆ ಮುಂದುವರಿಸಬೇಕಾ ಅಂತ ಕೇಳಿಯೇ ಬಿಡಿ.

ನನಗೆ ಉರಿ ಅರ್ಧಕ್ಕಿಳಿಯಿತು. ತೂಕ ನಾಲ್ಕು ಕೆಜಿ ಏರಿತು, ಸಂಜೆ ಹೊತ್ತಿಗೆ ಪಾದ ಊದಿ ಚಪ್ಪಲಿ ಪಟ್ಟಿಯ ಗುರುತು ಕೂರುತ್ತಿತ್ತು. ಮೊದಲ ವಾರ ರಾತ್ರಿ ಬಚ್ಚಲಿಗೆ ಗೋಡೆ ಹಿಡಿದೇ ಹೋದೆ.

ನಿಮ್ಮ ತಂದೆ ವಿಷಯದಲ್ಲಿ ನಾನು ಮೊದಲು ನೋಡುವುದು ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ. ಈ ಮಾತ್ರೆ ಹೆಚ್ಚುಕಮ್ಮಿ ಪೂರ್ತಿ ಕಿಡ್ನಿಯಿಂದಲೇ ಹೊರಗೆ ಹೋಗುತ್ತದೆ, ಶುಗರ್ ಹಳೆಯದಾದರೆ ಕಿಡ್ನಿ ಸೋತಿರಬಹುದು, ಆಗ ಡೋಸ್ ಇಳಿಸಲೇಬೇಕು. ಟ್ರಮಡಾಲ್‌ನಂಥ ಜೋರು ನೋವಿನ ಮಾತ್ರೆ, ನಿದ್ದೆ ಮಾತ್ರೆ, ಡ್ರಿಂಕ್ಸ್ ಜೊತೆ ಸೇರಿದರೆ ಉಸಿರಾಟವೇ ನಿಧಾನವಾಗಬಹುದು. ವಯಸ್ಸಾದವರಿಗೆ, ಶ್ವಾಸಕೋಶದ ತೊಂದರೆ ಇದ್ದವರಿಗೆ ಇದು ಜಾಸ್ತಿ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಎಚ್ಚರಿಸಿದೆ.

ಚಟ? ಹೇಳಿದಷ್ಟೇ ತಗೊಳ್ಳುವವರಲ್ಲಿ ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಬ್ರಿಟನ್‌ನಲ್ಲಿ 2019ರಿಂದ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಎರಡನ್ನೂ ನಿಯಂತ್ರಿತ ಔಷಧಿ ಪಟ್ಟಿಗೆ ಹಾಕಿದ್ದಾರೆ. ದೇಹಕ್ಕೆ ರೂಢಿಯಾಗುವುದಂತೂ ನಾನೇ ಕಂಡಿದ್ದೇನೆ: ಊರಲ್ಲಿ ಮದುವೆ, ಮಾತ್ರೆ ಮುಗಿದಿತ್ತು, ನಾಲ್ಕು ದಿನ ಬಿಟ್ಟೆ ಅಷ್ಟೇ, ಬೆವರು, ನಿದ್ದೆಯಿಲ್ಲ, ಕಾರಣವಿಲ್ಲದೆ ಎದೆ ಡವಡವ. ನಿಲ್ಲಿಸುವಾಗ ಡಾಕ್ಟರ್ ಕೇಳಿ ವಾರಗಟ್ಟಲೆ ಇಳಿಸುತ್ತಾ ಬನ್ನಿ.

ಕೊಡಿ, ರಾತ್ರಿ ಹೊತ್ತಿಗೆ ಶುರು ಮಾಡಬಹುದಾ ಅಂತ ಅವರನ್ನೇ ಕೇಳಿ. ಇವತ್ತೇ ಬಚ್ಚಲ ದಾರಿಗೊಂದು ಸಣ್ಣ ಲೈಟ್ ಹಾಕಿಸಿ.