ಎರಡು ಏಟಿನ ಸಾಲ

ಜೂನ್ ಕೊನೆಯ ವಾರ, ಹಾಸನದಲ್ಲಿ ಜಡಿಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ಅವನು ಆಪ್ತಸಲಹೆಗೆಂದು ನನ್ನ ಹತ್ತಿರ ಬಂದ. ವಯಸ್ಸು ಇಪ್ಪತ್ತೇಳು. ಕೊಡೆಯನ್ನು ಬಾಗಿಲಾಚೆಗೇ ಒರಗಿಸಿ, ನಾನು ಕೂತ ಮೇಲೆ ಕುರ್ಚಿಯ ತುದಿಯಲ್ಲಿ ಕೂತ. ಆಡಿದ ಮೊದಲ ಮಾತು, "ಮೇಡಂ, ನನ್ನನ್ನ ಹೆಸರಿಡಿದು ಕರೀರಿ."

ಯಾಕೆಂದು ಆಮೇಲೆ ತಿಳಿಯಿತು. ಊರಲ್ಲಿ ಮುದುಕರಿಂದ ಹಿಡಿದು ಸ್ಕೂಲಿಗೆ ಹೋಗುವ ಮಕ್ಕಳವರೆಗೆ ಎಲ್ಲರಿಗೂ ಅವನು ‘ಚಿಕ್ಕಬುದ್ಧಿ’. ತಂದೆ ‘ದೊಡ್ಡಬುದ್ಧಿ’. ಅವನನ್ನು ಹೆಸರು ಹಿಡಿದು ಕರೆಯುವವರು ಮೂರೇ ಜನ: ತಾಯಿ, ಅಕ್ಕ, ಮತ್ತೆ ಅವನು ಮದುವೆಯಾಗಬೇಕೆಂದಿರುವ ಹುಡುಗಿ.

ಊರು, ಹೆಸರು, ಗುರುತು ಹತ್ತುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇಬ್ಬರೂ ಓದಿ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿರುವುದು. ಅವನನ್ನು ಕುಮಾರ ಎಂದೂ ಅವಳನ್ನು ಗೌರಿ ಎಂದೂ ಕರೆಯುತ್ತೇನೆ.

ಕುಮಾರನದು ಪಾಳೇಗಾರರ ವಂಶ. ಊರು ಮಲೆನಾಡಿನ ಅಂಚಿನಲ್ಲಿದೆ. ಅರಮನೆ ಎಂದು ಊರವರು ಕರೆಯುವುದು ಒಂದು ದೊಡ್ಡ ತೊಟ್ಟಿಮನೆಯನ್ನು. ಅದರ ಒಂದು ಮಗ್ಗುಲು ಕುಸಿದು, ಅಲ್ಲಿಗೆ ತಗಡು ಹೊದಿಸಿದ್ದಾರೆ. ಈ ಕಾಲದಲ್ಲಿ ಅರಸೊತ್ತಿಗೆ ಎಲ್ಲಿದೆ ಎಂದು ಯಾರಾದರೂ ಕೇಳಬಹುದು. ನಿಜ, 1971ರ ಸಂವಿಧಾನದ 26ನೇ ತಿದ್ದುಪಡಿ ಮೈಸೂರಿನಂಥ ದೊಡ್ಡ ಸಂಸ್ಥಾನಗಳ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನವನ್ನೂ ಬಿರುದಿನ ಮಾನ್ಯತೆಯನ್ನೂ ತೆಗೆದುಹಾಕಿತು. ಇಂಥ ಸಣ್ಣ ಮನೆಗಳಿಗೆ ಆ ರಾಜಧನ ಮೊದಲೂ ಇರಲಿಲ್ಲ. ಆದರೆ ವಿಜಯದಶಮಿಯ ಸಂಜೆ ಊರು ಗೆಜೆಟ್ ನೋಡಿಕೊಂಡು ನಡೆಯುವುದಿಲ್ಲ. ಬನ್ನಿಮರದ ಹತ್ತಿರ ಬಾಳೆಕಂಬ ನೆಡುತ್ತಾರೆ. ವಂಶದ ಗಂಡುಮಗ ಪಟ್ಟದ ಕತ್ತಿಯಿಂದ ಅದನ್ನು ಒಂದೇ ಏಟಿಗೆ ಉರುಳಿಸಬೇಕು. ಆಮೇಲೆಯೇ ಜನ ಬನ್ನಿ ಮುಡಿಯುವುದು. ಹಾಸನಾಂಬೆಯ ಬಾಗಿಲು ತೆಗೆಯುವ ದಿನ ಅರಸು ವಂಶಸ್ಥರು ಬಾಳೆಕಂಬ ಕಡಿಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಕುಮಾರನ ಮನೆ ಅದಲ್ಲ, ಪದ್ಧತಿ ಮಾತ್ರ ಅಂಥದೇ.

ಗೌರಿ ಪಶುವೈದ್ಯೆ. ಅವಳ ತಂದೆ ಅದೇ ಊರಿನ ದೇವಸ್ಥಾನದ ವಾಲಗದವರು. ಮೆರವಣಿಗೆಯಲ್ಲಿ ದೇವರಿಗೂ ಕತ್ತಿ ಹಿಡಿದವರಿಗೂ ಬೆನ್ನು ತೋರಿಸಬಾರದೆಂದು ಅವರು ವಾಲಗ ಊದುತ್ತಾ ಹಿಂದಕ್ಕೇ ಹೆಜ್ಜೆ ಹಾಕುತ್ತಾರೆ. ಚಿಕ್ಕವಳಿದ್ದಾಗ ಗೌರಿ ಅಪ್ಪನ ಸೊಂಟಕ್ಕೆ ಕೈಕೊಟ್ಟು, ಕಲ್ಲು ಎಡವದ ಹಾಗೆ ದಾರಿ ತೋರಿಸುತ್ತಿದ್ದಳಂತೆ. ಕುಮಾರ ಅವಳನ್ನು ಮೊದಲು ಗಮನಿಸಿದ್ದೂ ಹಾಗೇ.

ಅವನು ಬಂದಾಗ ಸ್ಥಿತಿ ಹೀಗಿತ್ತು. ಮೂರು ತಿಂಗಳಿಂದ ನಿದ್ದೆ ಸರಿಯಾಗಿಲ್ಲ, ಊಟ ಸೇರುತ್ತಿಲ್ಲ. ತಂದೆಗೆ ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದೆ. ಮೈಸೂರು ಕಡೆಯ ಸಂಬಂಧಿಕರ ಹುಡುಗಿಯೊಂದಿಗೆ ಶ್ರಾವಣದಲ್ಲಿ ನಿಶ್ಚಿತಾರ್ಥ ಎಂದು ಮಾತಾಗಿದೆ. ಅವನು ಬೇಡ ಎಂದಿಲ್ಲ, ಹೂಂ ಎಂದೂ ಇಲ್ಲ. "ಸುಮ್ನಿದ್ದೆ ಮೇಡಂ. ಸುಮ್ನಿದ್ರೆ ಒಪ್ಪಿಗೆ ಅಂದ್ಕೊಂಡ್ರು."

ಇಂಥವರು ಬಂದಾಗ ನಾನು ಒಂದು ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳುವುದಿಲ್ಲ. ಸಾಯುವ ಯೋಚನೆ ಬಂದಿದೆಯಾ ಎಂದೆ. ಎರಡು ಸಲ ಬಂದಿತ್ತು. ಹಾಗಾಗಿ ಪ್ರೀತಿ, ಅರಮನೆ ಎಲ್ಲ ಪಕ್ಕಕ್ಕಿಟ್ಟೆವು. ಆ ವಾರವೇ ಮನೋವೈದ್ಯರಿಗೆ ತೋರಿಸಿದೆವು, ನಿದ್ದೆಗೆ ಔಷಧ ಶುರುವಾಯಿತು. ಅವನ ಒಪ್ಪಿಗೆ ಪಡೆದು ಅಕ್ಕನಿಗೆ ವಿಷಯ ತಿಳಿಸಿದೆ. ರಾತ್ರಿ ಹೊತ್ತು ಮನಸ್ಸು ಕೈಮೀರಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬೇಕು, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಬೇಕಿಲ್ಲ ಎಂದು ಹೇಳಿ ಅವನ ಫೋನಿನಲ್ಲಿ ನಂಬರು ಉಳಿಸಿದೆ. ಹುಡುಗ ಮೊದಲು ಉಳಿಯಬೇಕು, ಮದುವೆಯ ಮಾತು ಆಮೇಲಿನದು. ಹಿರಿಯರು ಇದನ್ನು ‘ನಾಟಕ’ ಎಂದು ತಳ್ಳಿಹಾಕುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಎರಡನೆಯ ಭೇಟಿಯಲ್ಲಿ ಅವನೇ ಇಂಗ್ಲೆಂಡಿನ ಎಂಟನೇ ಎಡ್ವರ್ಡನ ಮಾತು ತೆಗೆದ. "1936ರಲ್ಲಿ ಅವನು ಸಿಂಹಾಸನ ಬಿಟ್ಟು ತಾನು ಪ್ರೀತಿಸಿದವಳನ್ನ ಕಟ್ಕೊಂಡ. ಅಷ್ಟು ದೊಡ್ಡ ರಾಜ್ಯನೇ ಬಿಟ್ಟ, ನನಗೆ ತಗಡು ಹೊದಿಸಿರೋ ಮನೆ ಬಿಡೋಕಾಗ್ತಿಲ್ಲ." ತನ್ನನ್ನು ಹಳಿದುಕೊಳ್ಳಲು ಆ ಕತೆಯನ್ನು ಇಟ್ಟುಕೊಂಡಿದ್ದ. ನಾನು ಕತೆಯ ಉಳಿದರ್ಧವನ್ನು ನೆನಪಿಸಿದೆ. ಎಡ್ವರ್ಡ್ ಆ ವರ್ಷದ ಜನವರಿಯಲ್ಲಿ ದೊರೆಯಾಗಿ ಡಿಸೆಂಬರಿನಲ್ಲಿ ಇಳಿದ. ಇಳಿದಾಗ ಕಿರೀಟ ನೆಲಕ್ಕೆ ಬೀಳಲಿಲ್ಲ, ತಮ್ಮನ ತಲೆಗೆ ಹೋಯಿತು. ಆ ತಮ್ಮನಿಗೆ ಮಾತು ತೊದಲುತ್ತಿತ್ತು, ಸಭೆಯಲ್ಲಿ ನಿಂತು ಮಾತಾಡುವುದೆಂದರೆ ಸಂಕಟ. "ನೀವು ಬಿಟ್ಟರೆ ಯಾರ ತಲೆಗೆ ಹೋಗುತ್ತದೆ?" ಎಂದು ಕೇಳಿದೆ.

"ಯಾರೂ ಇಲ್ಲ ಮೇಡಂ. ನನಗೇ ಕೊನೆ."

ಬಿಳಿ ಹಾಳೆ ಕೊಟ್ಟು ವಂಶವೃಕ್ಷ ಬರೆಯಲು ಹೇಳಿದೆ. ನಮ್ಮ ಕೆಲಸದಲ್ಲಿ ಇದು ದಿನನಿತ್ಯದ್ದು. ಸಾಮಾನ್ಯವಾಗಿ ಜನ ಮುತ್ತಜ್ಜನ ಹತ್ತಿರ ತಡವರಿಸಿ ನಿಲ್ಲುತ್ತಾರೆ. ಕುಮಾರ ಒಂಬತ್ತು ತಲೆಮಾರನ್ನು ಪೆನ್ನೆತ್ತದೆ ಬರೆದ. ಕೊನೆಯಲ್ಲಿ ತನ್ನ ಹೆಸರು ಬರೆದು ಕೆಳಗೆ ಗೆರೆ ಎಳೆದ. ನಾನು ಹಾಳೆಯನ್ನು ಅವನ ಕಡೆಗೇ ತಿರುಗಿಸಿ, "ನಾನು ಮೊನ್ನೆ ಫೋನಲ್ಲಿ ಮಾತಾಡಿದ್ದು ಯಾರ ಹತ್ತಿರ?" ಎಂದೆ. ತುಂಬ ಹೊತ್ತು ನೋಡಿದ. ಅಕ್ಕನ ಹೆಸರು ಎಲ್ಲೂ ಇರಲಿಲ್ಲ. ಅವನು ಅಕ್ಕನನ್ನು ತುಂಬ ಹಚ್ಚಿಕೊಂಡವನು. ಆದರೂ ಹಾಗೆ ಬರೆಯುವುದೇ ರೂಢಿ. ಮಗಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು 2005ರಲ್ಲೇ ಕಾನೂನು ತಿದ್ದುಪಡಿಯಾಯಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಮನೆಯ ಹೊಣೆಯನ್ನು ಮಾತ್ರ ಇನ್ನೂ ಗಂಡುಮಗನ ಕುತ್ತಿಗೆಗೇ ಕಟ್ಟುತ್ತೇವೆ, ಹೆಣ್ಣುಮಗಳನ್ನು ಕೇಳುವುದೂ ಇಲ್ಲ. ಇಬ್ಬರಿಗೂ ಅನ್ಯಾಯ.

ಮೂರನೆಯ ಭೇಟಿಗೆ ಒಂದು ನೋಟ್‌ಬುಕ್ ತರಲು ಹೇಳಿದ್ದೆ. ‘ಕರ್ತವ್ಯ’ ಎಂಬ ಶಬ್ದವನ್ನು ಬಳಸದೆ, ವರ್ಷದಲ್ಲಿ ಯಾವ ದಿನ, ಯಾರಿಗಾಗಿ, ಏನು ಮಾಡಬೇಕು ಎಂದಷ್ಟೇ ಬರೆಯಬೇಕು. ಅವನು ಬರೆದು ತಂದದ್ದರಲ್ಲಿ ಅಪ್ಪಾಜಿಯ ಮಾತ್ರೆ ಇತ್ತು, ತಿಂಗಳ ತಪಾಸಣೆ ಇತ್ತು. ಅಜ್ಜನ ಕಾಲದಿಂದ ಮನೆಯಲ್ಲಿರುವ ವಯಸ್ಸಾದ ಇಬ್ಬರು ಆಳುಗಳು, ಅವರಿಗೆ ಕೊನೆತನಕ ಊಟ, ಔಷಧ. ನವೆಂಬರಿನಿಂದ ಕಾಫಿ ಕುಯ್ಲು, ಕಣದ ಕೆಲಸ, ಕೂಲಿ ಬಟವಾಡೆ. ಜಮೀನಿನ ಒಂದು ಕೇಸು. ಜಾತ್ರೆ, ದೀಪಾವಳಿ, ಯುಗಾದಿ ಸೇರಿ ದೇವಸ್ಥಾನಕ್ಕೆ ಹನ್ನೊಂದು ದಿನ. ಇದರಲ್ಲಿ ಗೌರಿ ಹೆಂಡತಿಯಾದರೆ ನಿಂತುಹೋಗುವುದು ಯಾವುದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಸಿದೆ. ಒಂದೇ ಸಾಲಿಗೆ ಗುರುತು ಬಿತ್ತು: ಜಾತ್ರೆಯ ದಿನ ಮನೆಯ ಸೊಸೆ ಕಳಸ ಹೊರುವುದು.

ಕೊನೆಯ ಸಾಲಿನ ಮೇಲೆ ಮಾತ್ರ ಅವನ ಪೆನ್ಸಿಲು ಆಡಲೇ ಇಲ್ಲ. ‘ವಿಜಯದಶಮಿ, ಬಾಳೆಕಂಬ.’ ಏನೆಂದು ಕೇಳಿದೆ. ಅಂಗೈ ಉಜ್ಜಿಕೊಳ್ಳತೊಡಗಿದ.

ಹದಿನೈದನೇ ವಯಸ್ಸಿನಲ್ಲಿ ಅವನು ಮೊದಲ ಸಲ ಕತ್ತಿ ಹಿಡಿದದ್ದು. ಅಪ್ಪಾಜಿಗೆ ಆ ವರ್ಷ ಭುಜದ ನೋವು. ಹದಿನೈದು ದಿನ ಹಿತ್ತಿಲಲ್ಲಿ ಬಾಳೆದಿಂಡು ಕಡಿದು ಅಭ್ಯಾಸ ಮಾಡಿ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಆ ಸಂಜೆ ಬೊಬ್ಬೆ ಒಡೆದು ಹಿಡಿ ಜಾರಿತು. ಕಂಬ ಅರ್ಧ ಸೀಳಿ ನಿಂತಿತು. ಇನ್ನೊಂದು ಏಟು ಹಾಕಬೇಕಾಯಿತು. ವಾಲಗ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತಂತೆ. ಆ ನಿಂತದ್ದು ಅವನಿಗೆ ಇವತ್ತಿಗೂ ಕೇಳಿಸುತ್ತದೆ. ಪುಷ್ಯದಲ್ಲಿ ಅಜ್ಜ ತೀರಿಕೊಂಡರು. ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟಿತು. ಆ ಹೊತ್ತಿಗೆ ಒಂದು ಹದ ಮಳೆ ಬೀಳದಿದ್ದರೆ ಕಾಫಿ ಮೊಗ್ಗು ಸರಿಯಾಗಿ ಅರಳುವುದಿಲ್ಲ, ಫಸಲು ಕೈಗೆ ಹತ್ತುವುದಿಲ್ಲ. ಯಾರೋ ಅಂಗಡಿಯ ಮುಂದೆ, "ಎರಡೇಟಿನ ವರ್ಷ, ಇನ್ನೇನಾಗುತ್ತೆ" ಅಂದರು. ಹುಡುಗ ಅಲ್ಲೇ ಬೆಲ್ಲ ಕಟ್ಟಿಸುತ್ತಾ ನಿಂತಿದ್ದ.

ಅಂದಿನಿಂದ ಅವನು ತೀರಿಸುತ್ತಲೇ ಇದ್ದಾನೆ. ಬೆಂಗಳೂರಿನ ಕೆಲಸ ಬಿಟ್ಟು ಬಂದ, ಅಪ್ಪಾಜಿಯ ಎದುರು ಒಂದು ಮಾತಾಡಲಿಲ್ಲ, ನಿಶ್ಚಿತಾರ್ಥಕ್ಕೂ ಸುಮ್ಮನಿದ್ದ. ಹನ್ನೆರಡು ವರ್ಷ ‘ಕರ್ತವ್ಯ’ ಎಂದುಕೊಂಡು ಹೊತ್ತದ್ದರಲ್ಲಿ ಬಹುಪಾಲು ಒಂದು ಮಗುವಿನ ತಲೆಗೆ ಊರು ಹೊರಿಸಿದ ಸಾಲ. ತಂದೆಯ ಮಾತ್ರೆ, ಆಳುಗಳ ಊಟ ನಿಜವಾದ ಹೊಣೆ. ಅದನ್ನು ಅವನು ಪ್ರೀತಿಯಿಂದಲೇ ಮಾಡುತ್ತಿದ್ದ. ಅವನ ನಿದ್ದೆ ಕೆಡಿಸಿದ್ದು ಆ ಎರಡನೇ ಏಟು. ಅದನ್ನು ಗೌರಿಗೂ ಹೇಳಿರಲಿಲ್ಲ. ಆ ದಿನ ಅವನು ಅತ್ತ. ನಾನು ಗಡಿಯಾರ ನೋಡಲಿಲ್ಲ.

ನಾಲ್ಕನೆಯ ಭೇಟಿಗೆ ಗೌರಿಯೂ ಬಂದಳು. ಅವಳನ್ನು ಇನ್ನೂ ಮುಂಚೆ ಕರೆಸಬೇಕಿತ್ತು, ಅದು ನನ್ನ ತಪ್ಪು. ಹೊಣೆ ಎಲ್ಲ ಅರಮನೆಯ ಕಡೆಗೇ ಇದೆ, ಪ್ರೀತಿ ಮಾತ್ರ ಅವಳ ಕಡೆಗಿದೆ ಎಂಬಂತೆ ನಾನೂ ಮಾತಾಡುತ್ತಿದ್ದೆ. ಅವಳು ಹೇಳಿದ್ದಿಷ್ಟು: "ಆ ಮನೆ ದನಕ್ಕೆ ಇಂಜೆಕ್ಷನ್ ಕೊಡೋಕೆ ಹೋದ್ರೆ ಕೊಟ್ಟಿಗೆ ತನಕ ಹೋಗ್ತೀನಿ. ಕೈ ತೊಳೆಯೋಕೆ ನೀರು ಅಲ್ಲಿಗೇ ಬರುತ್ತೆ. ಸೊಸೆಯಾಗಿ ಹೋದ್ರೆ ಮುಂಬಾಗಿಲಲ್ಲೇ ಹೋಗೋದು. ಆಗಲ್ಲ ಅಂದ್ರೆ ಬೇರೆ ಮನೆ ಮಾಡೋಣ, ಬೇಜಾರಿಲ್ಲ. ನನಗೆ ಭಯ ಅಪ್ಪನದು. ಈ ಕೋಪಕ್ಕೆ ದೇವಸ್ಥಾನದಲ್ಲಿ ಅವರ ವಾಲಗ ಬಿಡಿಸಿದ್ರೆ ಅವರು ಬದುಕಲ್ಲ."

ಇಬ್ಬರಿಗೂ ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

ಮದುವೆಯ ತೀರ್ಮಾನಕ್ಕೆ ಅವಸರ ಬೇಡ, ಆದರೆ ನಿಶ್ಚಿತಾರ್ಥಕ್ಕೆ ಬೇಡ ಎನ್ನುವುದಕ್ಕೆ ಒಂದು ವಾರವೂ ತಡ ಮಾಡಬಾರದು. ಮೈಸೂರಿನ ಕಡೆಯ ಆ ಹುಡುಗಿಗೆ ಇದೇನೂ ಗೊತ್ತಿಲ್ಲ. ಅವಳು ಸೀರೆ ಆರಿಸುತ್ತಿರಬಹುದು. ನಿಮ್ಮಿಬ್ಬರ ಸಂಕಟದಲ್ಲಿ ಅವಳದೇನೂ ತಪ್ಪಿಲ್ಲ, ನಿಮ್ಮ ಮೌನಕ್ಕೆ ಅವಳು ಬೆಲೆ ತೆರಬಾರದು. ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ.

ಅಪ್ಪಾಜಿಯ ಹೃದಯದ ಭಯವನ್ನು ಊಹೆಗೆ ಬಿಡಬೇಡಿ, ಮುಂದಿನ ತಪಾಸಣೆಗೆ ಜೊತೆಗೆ ಹೋಗಿ ಡಾಕ್ಟರನ್ನೇ ಕೇಳಿ ಎಂದೆ. ಕೇಳಿ ಬಂದ. ಮಾತ್ರೆ ತಪ್ಪಿಸದಿದ್ದರೆ ಸಾಕು, ಮನೆಯ ವಿಷಯ ಮುಚ್ಚಿಡಬೇಕಾದ ಸ್ಥಿತಿ ಅವರದಲ್ಲ ಎಂದು ಡಾಕ್ಟರು ಹೇಳಿದ್ದರು.

ರಿಜಿಸ್ಟರ್ ಮದುವೆಯಾದರೆ ಆಸ್ತಿ ಕೈತಪ್ಪುತ್ತದೆ ಎಂದು ಚಿಕ್ಕಪ್ಪ ಒಬ್ಬರು ಹೆದರಿಸಿದ್ದರು. ವಕೀಲರ ಹತ್ತಿರ ಕಳಿಸುವ ಮುನ್ನ ನನಗೆ ತಿಳಿದಷ್ಟು ಹೇಳಿದೆ. 1954ರ ವಿಶೇಷ ವಿವಾಹ ಕಾಯ್ದೆಯ 19ನೇ ಸೆಕ್ಷನ್ ಅವಿಭಕ್ತ ಕುಟುಂಬದಿಂದ ಬೇರೆಯಾಗುವ ಮಾತಾಡುತ್ತದೆ, ಹೌದು. ಆದರೆ ಇಬ್ಬರೂ ಹಿಂದೂಗಳಾಗಿದ್ದರೆ ಅದು ಅನ್ವಯಿಸುವುದಿಲ್ಲ ಎಂದು 1976ರಲ್ಲೇ 21ಎ ಸೇರಿಸಿದ್ದಾರೆ. ಆ ಕಾಯ್ದೆ ಕೇಳುವ 30 ದಿನದ ನೋಟಿಸ್ ಬೇಡವೆಂದರೆ ದೇವರ ಮುಂದೆ ಶಾಸ್ತ್ರೋಕ್ತವಾಗಿ ಮದುವೆಯಾಗಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಬಹುದು, ಅಲ್ಲಿ ಜಾತಿ ಅಡ್ಡಿಯಲ್ಲ. ವಯಸ್ಕರಿಬ್ಬರು ಒಪ್ಪಿದರೆ ಮನೆಯವರದಾಗಲಿ ಪಂಚಾಯಿತಿಯದಾಗಲಿ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ತಂದೆ ಸ್ವಂತ ದುಡಿದು ಮಾಡಿದ ಆಸ್ತಿಯನ್ನು ಅವರು ಬೇಕಾದವರಿಗೆ ಬರೆಯಬಹುದು, ಅದನ್ನೂ ಮುಚ್ಚಿಡಲಿಲ್ಲ.

ಗೌರಿಗೆ ಹೇಳಿದ್ದು: ನಿನ್ನಪ್ಪನಿಗೆ ನೀನೇ ಮೊದಲು ಹೇಳು. ಅರಮನೆಯಿಂದ ಸುದ್ದಿ ಬಂದು ಅವರಿಗೆ ಬೀದಿಯಲ್ಲಿ ತಿಳಿಯಬಾರದು.

ಕುಮಾರನಿಗೆ ಜಾಗದ ಬಗ್ಗೆ ಹೇಳಿದೆ. ಚಾವಡಿಯಲ್ಲಿ ಮಾತಾಡಬೇಡಿ, ಅಲ್ಲಿ ಅವರು ದೊಡ್ಡಬುದ್ಧಿ. ಅವರು ಬರೀ ಅಪ್ಪನಾಗಿರುವ ಜಾಗ ಯಾವುದು? ಯೋಚಿಸಿ, ರಾತ್ರಿ ಮಾತ್ರೆ ಕೊಡುವಾಗ ಮಂಚದ ಪಕ್ಕ ಎಂದ. ಅಲ್ಲೇ ಹೇಳಿ. ‘ಗೌರಿಯನ್ನು ಮದುವೆಯಾಗಬೇಕು ಅಂತಿದ್ದೀನಿ, ನಿಮ್ಮನ್ನ ಬಿಟ್ಟು ಹೋಗಲ್ಲ’, ಈ ಎರಡು ಮಾತು ಸಾಕು. ವಾದ ಬೇಡ, ಉತ್ತರ ಅಂದೇ ಕೇಳಬೇಡಿ. ಮತ್ತೆ, ಹದಿನೈದನೇ ವಯಸ್ಸಿನ ಆ ಸಂಜೆಯ ವಿಷಯವನ್ನೂ ಎಂದಾದರೂ ಅವರ ಮುಂದೆ ಆಡಿ.

ಹೇಳಿದ. ತಂದೆ ಮಾತ್ರೆ ನುಂಗಿ, ನೀರಿನ ಲೋಟ ವಾಪಸ್ ಕೊಟ್ಟು, ಗೋಡೆಯ ಕಡೆ ತಿರುಗಿ ಮಲಗಿದರು. ಮೈಸೂರಿನವರಿಗೆ ಅಕ್ಕನೇ ಹೋಗಿ ಕೈಮುಗಿದು ತಿಳಿಸಿ ಬಂದಳು. ಆರು ವಾರ ಮನೆಯಲ್ಲಿ ಮಾತಿಲ್ಲ. ಮಾತ್ರೆ ಮಾತ್ರ ಮಗನ ಕೈಯಿಂದಲೇ ತಗೊಳ್ಳುತ್ತಿದ್ದರು. ಅದನ್ನು ಕುಮಾರ ಪ್ರತಿ ಭೇಟಿಯಲ್ಲೂ ಹೇಳುತ್ತಿದ್ದ, ನಾನೂ ಪ್ರತಿ ಸಲ ಕೇಳುತ್ತಿದ್ದೆ. ಗೌರಿಯ ತಂದೆ ಎರಡು ದಿನ ಊಟ ಬಿಟ್ಟರು. ಮೂರನೇ ದಿನ ವಾಲಗ ಬಿಚ್ಚಿ ಒರೆಸುತ್ತಾ, "ಬಿಡಿಸಿದ್ರೆ ಬಿಡಿಸ್ಲಿ. ಆ ಹುಡುಗನ್ನ ಚಿಕ್ಕಂದಿನಿಂದ ನೋಡಿದ್ದೀನಿ" ಅಂದರಂತೆ.

ಸೆಪ್ಟೆಂಬರಿನಲ್ಲಿ ದೊಡ್ಡವರು ಮಾತಾಡಿದರು. "ಮದುವೆಗೆ ನಾನು ಬರಲ್ಲ. ಹಬ್ಬಕ್ಕೆ ನೀನೇ ಕತ್ತಿ ಹಿಡೀಬೇಕು." ಇದನ್ನು ಏನೆಂದು ತಿಳಿಯಬೇಕು ಎಂದು ಕುಮಾರ ಕೇಳಿದ. ಇವತ್ತಿಗೆ ಅವರ ಕೈಲಾಗುವುದು ಅಷ್ಟು, ಅದನ್ನು ಎರಡು ಕೈಯಲ್ಲಿ ಇಸ್ಕೊಳ್ಳಿ, ಉಳಿದದ್ದಕ್ಕೆ ತಗಾದೆ ಬೇಡ ಎಂದೆ. ಗೌರಿ ಫಾಲ್ಗುಣದ ತನಕ ಕಾಯಲು ಒಪ್ಪಿದ್ದಾಳೆ, ಕಾಫಿ ಕುಯ್ಲು ಮುಗಿಯಲಿ ಎಂದು. ಅದಕ್ಕಿಂತ ಮುಂದೆ ಇಲ್ಲ. ಅವಳ ಮಾತು ಸರಿ.

ವಿಜಯದಶಮಿಯ ರಾತ್ರಿ ಫೋನ್ ಬಂತು. ಗೌರಿಯ ತಂದೆಯದೇ ವಾಲಗ. ಅಕ್ಕ ಬೆಂಗಳೂರಿನಿಂದ ಬಂದು ಬನ್ನಿಮರದ ಹತ್ತಿರ ಅಪ್ಪಾಜಿಯ ಪಕ್ಕ ನಿಂತಿದ್ದಳು. ಈ ಸಲವೂ ಕಂಬ ಒಂದೇಟಿಗೆ ಬೀಳಲಿಲ್ಲ, ಎರಡೇ ಆಯಿತು. ವಾಲಗ ನಿಲ್ಲಲಿಲ್ಲ. ಮನೆಗೆ ಬಂದ ಮೇಲೆ ಅಪ್ಪಾಜಿ ಕತ್ತಿಯನ್ನು ದೀಪದ ಬೆಳಕಿಗೆ ಹಿಡಿದು, ಅದರ ಅಲಗಿಗೆ ಹೆಬ್ಬೆರಳು ಸವರಿ, "ಮೊಂಡಾಗಿದೆ ಕಣೋ. ಮುಂದಿನ ವರ್ಷಕ್ಕೆ ಸಾಣೆ ಹಿಡಿಸು" ಅಂದರಂತೆ.