ಸಂಪಾದಕರ ಉತ್ತರ: ದುಡಿದು ತಿನ್ನಬಾರದೇ ಅಂತ ಕೇಳಿದ್ದೀರಿ

ಕಳೆದ ಸಂಚಿಕೆಯ ಮಂಗಳಮುಖಿಯರ ಕುರಿತ ಲೇಖನ ಓದಿ ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿಯೊಬ್ಬರು ಬರೆದಿದ್ದಾರೆ: 'ಅಪ್ಪ-ಅಮ್ಮನನ್ನು ಬಿಟ್ಟು ಬಂದು ಸಿಗ್ನಲ್‌ನಲ್ಲಿ ಚಪ್ಪಾಳೆ ತಟ್ಟುವ ಬದಲು ದುಡಿದು ತಿನ್ನಬಾರದೇ? ಸಂಶೋಧಕರು ಇದನ್ನು ಯಾಕೆ ಕೇಳುವುದಿಲ್ಲ?'

ಕೇಳಿದ್ದಾರೆ ಸರ್. 2003ರಲ್ಲೇ ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ ಬೆಂಗಳೂರಿನ ಹಿಜ್ರಾ (ಅಂದರೆ ಮಂಗಳಮುಖಿ) ಮತ್ತು ಕೋಥಿ (ಹೆಣ್ತನದ ನಡೆನುಡಿಯ ಗಂಡಸರು) ಲೈಂಗಿಕ ಕಾರ್ಯಕರ್ತರನ್ನು ಮಾತಾಡಿಸಿ ವರದಿ ತಂದಿತ್ತು. ಪೊಲೀಸರ ಹೊಡೆತದ ಜೊತೆಗೆ ಮನೆಯವರ ಹಿಂಸೆಯೂ ಅದರಲ್ಲಿದೆ. ಎಷ್ಟೋ ಜನರ ಬದುಕಿನಲ್ಲಿ ಮೊದಲು ಕೈಬಿಡುವುದು ಮನೆ, ಕೆಲಸದ ಮಾತು ಆಮೇಲೆ. ಹದಿನೈದು-ಹದಿನಾರರಲ್ಲಿ ಹೊರಬಿದ್ದವರ ಮಾರ್ಕ್ಸ್ ಕಾರ್ಡ್, ಟಿಸಿ ಎಲ್ಲ ಅಪ್ಪನ ಬೀರುವಿನಲ್ಲೇ ಉಳಿಯುತ್ತವೆ, ಹೇಗೋ ತಂದುಕೊಂಡರೂ ಅದರಲ್ಲಿರುವ ಹೆಸರು ಬೇರೆ, ಕೌಂಟರ್ ಮುಂದೆ ನಿಂತ ಮುಖ ಬೇರೆ. ಬಾಡಿಗೆಗೆ ಮನೆ ಕೊಡುವವರೂ ಕಮ್ಮಿ.

ಆಗ ಸೇರಿಸಿಕೊಳ್ಳುವುದು ಜಮಾತ್, ಅಂದರೆ ಹಿಜ್ರಾಗಳದ್ದೇ ಬಳಗ. ಗುರು ಅಮ್ಮನ ಜಾಗದಲ್ಲಿ, ಗುರುವಿನ ಗುರು ನಾನಿ (ಅಜ್ಜಿ), ಒಂದೇ ಗುರುವಿನ ಚೇಲಾಗಳು (ಶಿಷ್ಯೆಯರು) ಅಕ್ಕ-ತಂಗಿಯರು. ಗಾಯತ್ರಿ ರೆಡ್ಡಿ ಅವರು ಹೈದರಾಬಾದಿನ ಹಿಜ್ರಾಗಳ ಜೊತೆ ಓಡಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ನೆಂಟಸ್ತಿಕೆಯ ವಿವರ ಇದೆ. ಇದು ಸುಮ್ನೆ ಬಾಯಿಮಾತಿನ ಸಂಬಂಧ ಅಲ್ಲ. ಊಟ, ಮಲಗಲು ಚಾಪೆ, ಲಿಂಗ ಬದಲಾವಣೆಯ ಆಪರೇಷನ್ ಆದಮೇಲೆ ನಲವತ್ತು ದಿನದ ಬಾಣಂತನದಂಥ ಆರೈಕೆ, ಎಲ್ಲ ಅಲ್ಲಿಂದಲೇ. ಹಾಗಂತ ಅದು ಸ್ವರ್ಗವೂ ಅಲ್ಲ. ದುಡಿದದ್ದರಲ್ಲಿ ಗುರುವಿಗೆ ಪಾಲು ಕೊಡಬೇಕು, ಗುರು ಬದಲಿಸಬೇಕೆಂದರೆ ಹಳೇ ಗುರುವಿಗೆ ದುಡ್ಡು ಕಟ್ಟಬೇಕು. (ನಮ್ಮ ಕೂಡುಕುಟುಂಬಗಳಲ್ಲಿ ಲೆಕ್ಕಾಚಾರ ಇಲ್ವಾ?)

ನನಗೆ ಸಿಟ್ಟು ಬರುವುದು ಕಾನೂನಿನ ಮೇಲೆ. 2019ರಲ್ಲಿ ಬಂದ ಟ್ರಾನ್ಸ್‌ಜೆಂಡರ್ ಕಾಯ್ದೆ ಕುಟುಂಬ ಅಂತ ಒಪ್ಪಿದ್ದು ರಕ್ತ, ಮದುವೆ, ದತ್ತು ಇಷ್ಟನ್ನೇ. ಹೆತ್ತವರಿಗೆ ನೋಡಿಕೊಳ್ಳಲು ಆಗದಿದ್ದರೆ ಕೋರ್ಟು ಪುನರ್ವಸತಿ ಕೇಂದ್ರಕ್ಕೆ ಕಳಿಸಬೇಕಂತೆ. ವರ್ಷಗಟ್ಟಲೆ ಅನ್ನ ಹಾಕಿದ ಗುರುವಿನ ಹೆಸರೇ ಇಲ್ಲ ಅದರಲ್ಲಿ!

ಮೀಸಲಾತಿ ಇದೆಯಲ್ಲ ಅಂತಲೂ ಕೇಳಿದ್ದೀರಿ. ನಿಜ, 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ 1ರಷ್ಟು ಕೊಟ್ಟ ಮೊದಲ ರಾಜ್ಯ ನಮ್ಮದು. ಒಳ್ಳೆಯದೇ. ಆದರೆ ಎಷ್ಟೋ ಹುದ್ದೆಗಳಿಗೆ ಅರ್ಜಿ ಹಾಕಲು ಪಿಯುಸಿಯೋ ಡಿಗ್ರಿಯೋ ಬೇಕು, ಹತ್ತನೇ ಕ್ಲಾಸಿಗೇ ಮನೆ ಬಿಟ್ಟವರು ಆ ಫಾರಂ ಇಟ್ಟುಕೊಂಡು ಏನು ಮಾಡಬೇಕು? ಅವರಿಗೆ ಬೇಕಾದ್ದು ಅಂಗಡಿ, ಹೋಟೆಲು, ಗಾರ್ಮೆಂಟ್ಸ್‌ನಂಥ ಕಡೆ ಕೆಲಸ. ಅದನ್ನು ಕೊಡುವವರು ಸರ್ಕಾರ ಅಲ್ಲ, ನಿಮ್ಮಂಥವರು. ನಿಮ್ಮ ಅಂಗಡಿಯ ಕೌಂಟರಿಗೆ ಒಬ್ಬರನ್ನು ತೆಗೆದುಕೊಳ್ಳುತ್ತೀರಾ ಸರ್? ಹೂಂ ಅಂದರೆ ಪತ್ರ ಬರೆಯಿರಿ, ಇಲ್ಲ ಅಂದರೂ ಬರೆಯಿರಿ, ಯಾಕೆ ಆಗಲ್ಲ ಅನ್ನುವುದನ್ನೂ ಇದೇ ಪುಟದಲ್ಲಿ ಹಾಕುತ್ತೇವೆ.